ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರು ಯಾವ ರಿವರ್ಬ್ ಆರಿಸಬೇಕು?

"ವಾಯ್ಸ್ ಚೆನ್ನಾಗಿ ಬಂದಿದೆ ಅಣ್ಣ, ಆದ್ರೆ ಯಾಕೋ ಒಣಒಣ ಕೇಳಿಸ್ತಿದೆ. ಯಾವ ರಿವರ್ಬ್ ಹಾಕ್ಲಿ?" ವಿರಾಜಪೇಟೆಯಿಂದಲೋ ಕುಶಾಲನಗರದಿಂದಲೋ ವಾರಕ್ಕೊಬ್ಬರಾದರೂ ಹೀಗೆ ಕೇಳುತ್ತಾರೆ. ರಿವರ್ಬ್ ಅಂದರೆ ಸದ್ದು ನಿಂತ ಮೇಲೂ ಜಾಗದಲ್ಲಿ ಉಳಿಯುವ ಅನುರಣನ; ರೆಕಾರ್ಡಿಂಗಿಗೆ ಅದನ್ನು ಸೇರಿಸುವ ಸಾಫ್ಟ್‌ವೇರ್ ತುಣುಕೇ ಪ್ಲಗಿನ್. ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಐದಾರು ಪ್ಲಗಿನ್‌ಗಳ ಹೆಸರು ಇದ್ದೇ ಇರುತ್ತದೆ. ಒಂದು ಪುಕ್ಕಟೆಯದು, ಒಂದು ಐದು ಸಾವಿರದ್ದು, ಒಂದು ಯಾರೋ ಯೂಟ್ಯೂಬಿನಲ್ಲಿ ಹೊಗಳಿದ ಇಪ್ಪತ್ತು ಸಾವಿರದ್ದು. ಯಾವುದು ಬೆಸ್ಟ್ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಕು ಅನ್ನುವುದು ಅವರ ಆಸೆ.

ಒಂದೇ ಮಾತು ಬೇಕಿದ್ದರೆ ಇಷ್ಟು: ಮನೆಯ ಕೋಣೆಯಲ್ಲಿ ಹಾಡಿದ ಹಾಡಿಗೆ ಮೊದಲು ಪ್ಲೇಟ್ (ಉಕ್ಕಿನ ತಗಡಿನ ನಡುಕದ ಬಗೆಯ ರಿವರ್ಬ್) ಹಾಕಿ ನೋಡಿ, ಹಾಲ್ (ದೊಡ್ಡ ಸಭಾಂಗಣದ ಬಗೆ) ಕಡೆ ಆಮೇಲೆ ಹೋಗಿ. ಆದರೆ ಯಾಕೆ ಅಂತ ತಿಳಿಯದೆ ಈ ಸಲಹೆ ಹಿಡಿದರೆ ಮುಂದಿನ ಹಾಡಿಗೇ ಅದು ಕೈಕೊಡುತ್ತದೆ. ಹಾಗಾಗಿ ಮೊದಲು ಅಳತೆಗೋಲು, ಆಮೇಲೆ ಅಂಗಡಿ.

ಕೊಳ್ಳುವ ಮೊದಲು ನೋಡಬೇಕಾದ್ದು

ರೆಕಾರ್ಡಿಂಗಿನಲ್ಲಿ ಆಗಲೇ ಎಷ್ಟು ಕೋಣೆ ಸೇರಿಕೊಂಡಿದೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು, ಯಾರೂ ಕೇಳದ ಪ್ರಶ್ನೆಯೂ ಇದೇ. ನೀವು ಹಾಡುವ ಜಾಗದ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹತ್ತಕ್ಕೆ ಹನ್ನೆರಡು ಅಡಿಯ ತಾರಸಿ ಕೋಣೆಯಾದರೆ, ಗೋಡೆ ಬರಿದಾಗಿದ್ದರೆ, ಚಪ್ಪಾಳೆಯ ಹಿಂದೆಯೇ ‘ಟರ್‍ರ್’ ಎಂದು ಒಂದು ಲೋಹದಂಥ ಸದ್ದು ಎದುರುಬದುರು ಗೋಡೆಗಳ ನಡುವೆ ಓಡಾಡುವುದು ಕೇಳಿಸುತ್ತದೆ. ಆ ಸದ್ದು ನಿಮ್ಮ ದನಿಯ ಪ್ರತಿ ಅಕ್ಷರಕ್ಕೂ ಅಂಟಿಕೊಂಡಿರುತ್ತದೆ. ಅದರ ಮೇಲೆ ಎಷ್ಟು ದುಬಾರಿ ಹಾಲ್ ರಿವರ್ಬ್ ಹಾಕಿದರೂ ಕೇಳುವವರಿಗೆ ಸಿಗುವುದು ದೊಡ್ಡ ಸಭಾಂಗಣದೊಳಗೆ ಇಟ್ಟ ಸಣ್ಣ ಕೋಣೆ. ಮುಚ್ಚಿಗೆ ಹಾಕಿದ ಹಳೆಯ ಮನೆಗಳಲ್ಲಿ, ಪುಸ್ತಕದ ಕಪಾಟು, ಹಾಸಿಗೆ, ಬಟ್ಟೆಬರೆ ತುಂಬಿದ ಮಲಗುವ ಕೋಣೆಗಳಲ್ಲಿ ಈ ಕಾಟ ಕಡಿಮೆ. ರಜಾಯಿ ಎರಡು ಬೆನ್ನ ಹಿಂದೆ ಇಳಿಬಿಟ್ಟು ಮೈಕಿಗೆ ಒಂದು ಗೇಣು ಹತ್ತಿರ ನಿಂತು ಹಾಡಿ, ಆಮೇಲೆ ರಿವರ್ಬಿನ ಮಾತಾಡೋಣ. ಧ್ವನಿಮುದ್ರಣದಿಂದ ಕೋಣೆಯನ್ನು ತೆಗೆದುಹಾಕುವ ಸಾಫ್ಟ್‌ವೇರ್‌ಗಳಿವೆ. ಅವು ಕೋಣೆಯ ಜೊತೆ ದನಿಯ ಸ್ವಲ್ಪ ಜೀವವನ್ನೂ ತೆಗೆಯುತ್ತವೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ, ಶೀಟಿನ ಮೇಲೆ ಬೀಳುವ ಸದ್ದು ಟ್ರ್ಯಾಕಿನ ತಳದಲ್ಲಿ ಇದ್ದೇ ಇರುತ್ತದೆ. ಮಳೆ ಬಿಟ್ಟರೆ ಜೀರುಂಡೆ. ಹಾಡುವಾಗ ಅದು ಗಮನಕ್ಕೆ ಬರುವುದಿಲ್ಲ. ಸಣ್ಣ ಸದ್ದನ್ನೂ ದೊಡ್ಡ ಸದ್ದನ್ನೂ ಹತ್ತಿರ ತರುವ ಕಂಪ್ರೆಸರ್ ಹಾಕಿದಾಗ ಅದು ಮೇಲೆದ್ದು ಬರುತ್ತದೆ, ಅದೇ ಟ್ರ್ಯಾಕನ್ನು ರಿವರ್ಬಿಗೆ ಕಳಿಸಿದಾಗ ಜೀರುಂಡೆಗೂ ಮೂರು ಸೆಕೆಂಡಿನ ಹಾಲ್ ಸಿಗುತ್ತದೆ! ಸಾಲುಗಳ ನಡುವಿನ ಜಾಗವನ್ನು ಕತ್ತರಿಸಿ ಸುಮ್ಮನಾಗಿಸಿ, ಅಥವಾ ಉದ್ದನೆಯ ರಿವರ್ಬ್ ಆಸೆ ಬಿಡಿ. ಮಳೆಗಾಲದ ರೆಕಾರ್ಡಿಂಗಿಗೆ ಗಿಡ್ಡ ರಿವರ್ಬೇ ಕ್ಷೇಮ.

ಎರಡನೆಯದು ದೂರ. ಹಾಡುವವರು ಕೇಳುಗರ ಎದುರಿಗೆ ಕೂತಿರಬೇಕೋ, ಜಗಲಿಯಲ್ಲಿ ನಿಂತಿರಬೇಕೋ, ಗುಡ್ಡದಾಚೆ ಇರಬೇಕೋ? ಇದನ್ನು ತೀರ್ಮಾನಿಸುವುದು ಮುಖ್ಯವಾಗಿ ಮೂರು ನಾಬ್‌ಗಳು. ಡಿಕೇ ಅಂದರೆ ಸದ್ದು 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯ; ಹಾರ್ವರ್ಡಿನಲ್ಲಿ ವಾಲೆಸ್ ಸಬೈನ್ 1890ರ ದಶಕದಲ್ಲಿ ಉಪನ್ಯಾಸ ಕೊಠಡಿಯೊಂದನ್ನು ಸರಿಮಾಡಲು ಹೊರಟು ಕಂಡುಕೊಂಡ ಲೆಕ್ಕ ಇಂದಿಗೂ ಇದರ ಬುನಾದಿ. ಪ್ರಿ-ಡಿಲೇ ಅಂದರೆ ನೇರ ಸದ್ದಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ 20 ಮಿಲಿಸೆಕೆಂಡ್ ಪ್ರಿ-ಡಿಲೇ ಇಟ್ಟರೆ ಮೊದಲ ಗೋಡೆಯ ಸದ್ದು ಸುಮಾರು ಏಳು ಮೀಟರ್ ಸುತ್ತು ಹಾಕಿ ಬಂದಂತೆ. ದನಿ ಮುಂದೆಯೇ ನಿಂತು, ಜಾಗ ಮಾತ್ರ ಹಿಂದೆ ತೆರೆದುಕೊಳ್ಳುತ್ತದೆ. ಮೂರನೆಯ ನಾಬ್ ವೆಟ್, ಅಂದರೆ ಒಣ ದನಿಗೆ ಎಷ್ಟು ರಿವರ್ಬ್ ಬೆರೆಸಬೇಕು ಅನ್ನುವುದು.

ಹಾಡಿನ ಲಯಕ್ಕೂ ಡಿಕೇಗೂ ನಂಟಿದೆ. 60,000ವನ್ನು ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟಿನ ಉದ್ದ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. 80 ಬಿಪಿಎಂ ಹಾಡಿನಲ್ಲಿ ಒಂದು ಬೀಟ್ 750 ಮಿಲಿಸೆಕೆಂಡ್. ಎರಡು ಬೀಟಿನೊಳಗೆ, ಅಂದರೆ ಒಂದೂವರೆ ಸೆಕೆಂಡಿನೊಳಗೆ ರಿವರ್ಬಿನ ಬಾಲ ಮುಗಿದರೆ ಮುಂದಿನ ಸಾಲು ಸ್ವಚ್ಛವಾಗಿ ಶುರುವಾಗುತ್ತದೆ. ಇದನ್ನು ಕಟ್ಟುಪಾಡು ಅಂದುಕೊಳ್ಳಬೇಡಿ, ಕಿವಿ ಸೋತಾಗ ಹಿಡಿದುಕೊಳ್ಳಲು ಒಂದು ಗೂಟ ಅಷ್ಟೆ.

ಮೂರನೆಯದು, ಎಲ್ಲಿ ಕೇಳುತ್ತಾರೆ ಅನ್ನುವುದು. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಹಾಡನ್ನು ಜನ ಫೋನಿನ ಸ್ಪೀಕರಿನಲ್ಲೇ ಕೇಳುವುದು. ಘಾಟಿ ಹತ್ತುವ ಜೀಪಿನಲ್ಲಿ ಎಂಜಿನ್ ಸದ್ದು ರಿವರ್ಬಿನ ಮುಕ್ಕಾಲು ಪಾಲನ್ನು ನುಂಗುತ್ತದೆ. ಸಣ್ಣ ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಎಡಬಲ ಸೇರಿ ಮೊನೊ ಆಗುತ್ತದೆ, ಆಗ ಬಲು ಅಗಲವಾಗಿ ಹರಡಿದ ರಿವರ್ಬ್ ಕುಗ್ಗುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಮಿಕ್ಸ್ ಮಾಡುವಾಗ ಮಾಸ್ಟರಿನಲ್ಲಿ ಮೊನೊ ಬಟನ್ ಒತ್ತಿ ಒಮ್ಮೆ ಕೇಳಲೇಬೇಕು. ಹೆಡ್‌ಫೋನಿನಲ್ಲಿ ಮಾತ್ರ ಮಿಕ್ಸ್ ಮಾಡುವವರು ಇನ್ನೊಂದು ಎಚ್ಚರಿಕೆ ಇಟ್ಟುಕೊಳ್ಳಿ. ಅಲ್ಲಿ ರಿವರ್ಬಿನ ಸಣ್ಣ ವಿವರವೂ ಸ್ಪಷ್ಟ ಕೇಳುವುದರಿಂದ ಕೈ ಹಿಡಿತವಾಗಿ, ಸ್ಪೀಕರಿನಲ್ಲಿ ಹಾಕಿದಾಗ ಹಾಡು ಒಣಗಿದಂತಿರುವುದು ಉಂಟು.

ಇನ್ನು ಕಂಪ್ಯೂಟರ್ ಮತ್ತು ಕರೆಂಟು. ಹಳೆಯ ಲ್ಯಾಪ್‌ಟಾಪಿನಲ್ಲಿ ಉದ್ದನೆಯ ಕನ್ವಲ್ಯೂಷನ್ ರಿವರ್ಬ್ (ನಿಜದ ಜಾಗದ ಅಚ್ಚು ಬಳಸುವ ಬಗೆ) ನಾಲ್ಕು ಟ್ರ್ಯಾಕಿಗೆ ಬೇರೆಬೇರೆಯಾಗಿ ಹಾಕಿದರೆ ಫ್ಯಾನ್ ಕಿರುಚತೊಡಗುತ್ತದೆ, ಬ್ಯಾಟರಿ ಕರಗುತ್ತದೆ. ಕರೆಂಟು ಹೋಗಿ ಬ್ಯಾಟರಿಯ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ ಇದು ಲೆಕ್ಕಕ್ಕೆ ಬರುವ ವಿಷಯ. ದುಡ್ಡಿನ ಮಾತನ್ನು ಆಯಾ ಆಯ್ಕೆಯ ಜೊತೆಯಲ್ಲೇ ಹೇಳುತ್ತೇನೆ.

ಸಾಫ್ಟ್‌ವೇರಿನ ಜೊತೆ ಬಂದದ್ದು

ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಆಗಲೇ ಒಂದು ರಿವರ್ಬ್ ಕೂತಿದೆ. ಲಾಜಿಕ್ ಪ್ರೊ ಇಟ್ಟುಕೊಂಡವರಿಗೆ ಕ್ರೋಮಾವರ್ಬ್ ಮತ್ತು ಸ್ಪೇಸ್ ಡಿಸೈನರ್ ಎರಡೂ ಇವೆ. ಅವರು ಬೇರೆ ರಿವರ್ಬ್ ಹುಡುಕುವುದು ಹವ್ಯಾಸಕ್ಕೇ ಹೊರತು ಅಗತ್ಯಕ್ಕಲ್ಲ. ರೀಪರಿನಲ್ಲಿ ರಿಯಾವರ್ಬೇಟ್ ಇದೆ, ನೋಡಲು ಸಪ್ಪೆ, ಕೇಳಲು ಪರವಾಗಿಲ್ಲ. ಕನ್ವಲ್ಯೂಷನ್ನಿಗೆ ಅದರಲ್ಲೇ ರಿಯಾವರ್ಬ್ ಇದೆ. ರೀಪರ್ 60 ದಿನ ಉಚಿತ ಪ್ರಯೋಗಕ್ಕೆ ಸಿಗುತ್ತದೆ, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸಿಗೆ 60 ಡಾಲರ್. ಈಗಷ್ಟೇ ಶುರು ಮಾಡುವವರು ಒಂದಿಡೀ ಹಾಡನ್ನು ಜೊತೆಗೆ ಬಂದ ರಿವರ್ಬಿನಲ್ಲೇ ಮುಗಿಸಬೇಕು ಅನ್ನುವುದು ನನ್ನ ಹಟ. ಯಾವ ಕೊರತೆಗೆ ಹೊಸದು ಬೇಕು ಅನ್ನುವುದು ಆಗಲೇ ಗೊತ್ತಾಗುವುದು.

ಪುಕ್ಕಟೆ ಸಿಗುವವು

ಇಲ್ಲಿ ಮೂರು ಹೆಸರು ಸಾಕು. ಡ್ರ್ಯಾಗನ್‌ಫ್ಲೈ ಎಂಬುದು ನಾಲ್ಕು ಪ್ಲಗಿನ್‌ಗಳ ಗುಂಪು: ಹಾಲ್, ರೂಮ್, ಪ್ಲೇಟ್, ಮತ್ತು ಅರ್ಲಿ ರಿಫ್ಲೆಕ್ಷನ್ಸ್ (ಗೋಡೆಗಳಿಂದ ಮೊದಲು ಮರಳುವ ಸದ್ದುಗಳು). ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಹಳೆಯ ಕಂಪ್ಯೂಟರಿಗೂ ಭಾರವಾಗುವುದಿಲ್ಲ. ಓರಿಲ್‌ರಿವರ್ ಕೂಡ ಪುಕ್ಕಟೆ, ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ತೋರಿಸುತ್ತದೆ, ಮೊದಲ ಸದ್ದು ಮತ್ತು ಬಾಲವನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ರಿವರ್ಬ್ ಅಂದರೇನು ಅಂತ ಕೈಯಾರೆ ಕಲಿಯಲು ನಾನು ಹೇಳುವುದು ಇದನ್ನೇ.

ಮೂರನೆಯದು ವಲ್ಹಲ್ಲಾ ಸೂಪರ್‌ಮ್ಯಾಸಿವ್. 2020ರಲ್ಲಿ ಬಂದದ್ದು, ಪುಕ್ಕಟೆ, ಬಹಳ ಜನಪ್ರಿಯ. ಆದರೆ ಹಾಡಿನ ದನಿಗೆ ಅಂತ ಇದನ್ನು ಇಳಿಸಿಕೊಂಡು "ಇದೇನು, ಬಾಹ್ಯಾಕಾಶದ ಥರ ಕೇಳ್ತದಲ್ಲ" ಅಂತ ಗೊಣಗುವವರು ಬಹಳ. ಅದು ಇರುವುದೇ ಅದಕ್ಕೆ. ಗಿಟಾರಿನ ಒಂದು ಸ್ವರವನ್ನು ಮಂಜಿನಂತೆ ಹಬ್ಬಿಸಲು, ವಿಡಿಯೊ ಹಿನ್ನೆಲೆಗೆ, ಕೊಳಲಿನ ಆಲಾಪಕ್ಕೆ ಸೊಗಸು. ಸಾಹಿತ್ಯ ಕೇಳಬೇಕಾದ ಕಡೆ ಬೇಡ.

ದುಡ್ಡು ಕೊಟ್ಟು ಕೊಳ್ಳುವ ಅಲ್ಗಾರಿದಮ್ ರಿವರ್ಬ್

ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಗಣಿತದಿಂದಲೇ ಅನುರಣನ ಹುಟ್ಟಿಸುವ ದಾರಿ ತೋರಿಸಿದರು. 1976ರಲ್ಲಿ ಜರ್ಮನಿಯ ಇಎಂಟಿ 250 ಎಂಬ ಡಿಜಿಟಲ್ ರಿವರ್ಬ್ ಯಂತ್ರ ಬಂತು, 1978ರಲ್ಲಿ ಲೆಕ್ಸಿಕಾನ್ 224. ಆಗ ದೊಡ್ಡ ಸ್ಟುಡಿಯೊಗಳಿಗಷ್ಟೇ ಎಟುಕುತ್ತಿದ್ದ ಆ ಬಗೆಯ ಸದ್ದು ಇವತ್ತು 50 ಡಾಲರಿಗೆ ಸಿಗುತ್ತದೆ. ವಲ್ಹಲ್ಲಾದವರ ವಿಂಟೇಜ್‌ವರ್ಬ್, ರೂಮ್, ಪ್ಲೇಟ್ ಒಂದೊಂದಕ್ಕೂ ಇದೇ ಬೆಲೆ. ನಮ್ಮ ರೂಪಾಯಿಯಲ್ಲಿ, ತೆರಿಗೆ ಕಾರ್ಡಿನ ಖರ್ಚು ಸೇರಿ ಐದು ಸಾವಿರದ ಆಸುಪಾಸು. ಫ್ಯಾಬ್‌ಫಿಲ್ಟರಿನ ಪ್ರೊ-ಆರ್ ಹತ್ತು ಸಾವಿರ ದಾಟುತ್ತದೆ. ಅದರಲ್ಲಿ ಯಾವ ಕಂಪನಾಂಕ ಎಷ್ಟು ಹೊತ್ತು ಉಳಿಯಬೇಕು ಅನ್ನುವುದನ್ನು ಗೆರೆ ಎಳೆದು ಹೇಳಬಹುದು, ತುಂಬಿದ ಮಿಕ್ಸಿನಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಪುಕ್ಕಟೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ? ಒಂದೂವರೆ ಸೆಕೆಂಡಿನೊಳಗಿನ ರಿವರ್ಬಿನಲ್ಲಿ, ತುಂಬಿದ ವಾದ್ಯಗಳ ನಡುವೆ, ನನ್ನ ಕಿವಿಗೆ ವ್ಯತ್ಯಾಸ ಬಹಳ ಕಡಿಮೆ. ಉದ್ದನೆಯ ಬಾಲದಲ್ಲಿ ಗೊತ್ತಾಗುತ್ತದೆ. ದನಿಯೊಂದೇ ಇದ್ದು, ಸಾಲಿನ ಕೊನೆಯಲ್ಲಿ ಮೂರು ಸೆಕೆಂಡ್ ಬಾಲ ಬಿಟ್ಟಾಗ, ಅಗ್ಗದ ಅಲ್ಗಾರಿದಮ್ಮಿನಲ್ಲಿ ಕೊನೆಯ ಭಾಗ ಮಣಿ ಉದುರಿದಂತೆ ಕಾಳುಕಾಳಾಗುತ್ತದೆ, ಇಲ್ಲವೇ ಒಂದು ಸ್ವರ ಹಿಡಿದು ಲೋಹದಂತೆ ಗುಂಯ್‌ಗುಡುತ್ತದೆ. ಒಳ್ಳೆಯದರಲ್ಲಿ ಬಾಲ ನುಣ್ಣಗೆ ಕರಗುತ್ತದೆ. ನಿಧಾನದ ಹಾಡು, ಕಡಿಮೆ ವಾದ್ಯ ನಿಮ್ಮ ದಾರಿಯಾದರೆ ಐದು ಸಾವಿರ ವ್ಯರ್ಥವಲ್ಲ. ಹತ್ತು ಟ್ರ್ಯಾಕ್ ತುಂಬಿಸಿ ಬೀಟ್ ಹಾಕುವವರಾದರೆ ಆ ದುಡ್ಡಿನಲ್ಲಿ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ.

ಪ್ಲೇಟಿನ ಪರವಾಗಿ

ಇದು ಬೇರೆ ಸರಕಲ್ಲ, ಮೇಲಿನ ಎಲ್ಲದರೊಳಗೂ ಇರುವ ಒಂದು ಬಗೆ. ಆದರೂ ಬೇರೆಯಾಗಿಯೇ ಹೇಳಬೇಕು. 1957ರಲ್ಲಿ ಬಂದ ಇಎಂಟಿ 140 ಅಂದರೆ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಎತ್ತರದ ತೆಳು ಉಕ್ಕಿನ ತಗಡನ್ನು ಚೌಕಟ್ಟಿಗೆ ಬಿಗಿದು ನೇತುಹಾಕಿದ ಯಂತ್ರ. ಒಂದು ಕಡೆಯಿಂದ ಸದ್ದು ಕೊಟ್ಟು ತಗಡನ್ನು ನಡುಗಿಸುವುದು, ಇನ್ನೊಂದು ಕಡೆ ಆ ನಡುಕವನ್ನು ಹಿಡಿಯುವುದು. ತೂಕ ಸುಮಾರು 270 ಕೆ.ಜಿ.

ತಗಡಿಗೆ ಗೋಡೆಗಳಿಲ್ಲ. ಕೋಣೆಯಲ್ಲಾದರೆ ಎಡಗೋಡೆಯ ಸದ್ದು ಮೊದಲು, ಸೂರಿನದು ಆಮೇಲೆ ಹೀಗೆ ಬಿಡಿಬಿಡಿಯಾಗಿ ಬಂದು, ಜಾಗದ ಆಕಾರವನ್ನು ಕಿವಿಗೆ ಹೇಳುತ್ತವೆ. ಪ್ಲೇಟಿನಲ್ಲಿ ಶುರುವಿನಿಂದಲೇ ದಟ್ಟ. ‘ಇದು ಇಂಥ ಜಾಗ’ ಅಂತ ಅದು ಹೇಳುವುದೇ ಇಲ್ಲ, ದನಿಗೆ ಒಂದು ಹೊಳಪು ಕೊಟ್ಟು ಸುಮ್ಮನಾಗುತ್ತದೆ. ಮನೆ ರೆಕಾರ್ಡಿಂಗಿನಲ್ಲಿ ಕೋಣೆ ಒಂದಿಷ್ಟು ಸೇರಿಯೇ ಇರುತ್ತದಲ್ಲ, ಅದರ ಜೊತೆ ಇನ್ನೊಂದು ಕೋಣೆಯನ್ನು ತಂದು ಜಗಳ ಹಚ್ಚದ ರಿವರ್ಬ್ ಇದು. ಆದ್ದರಿಂದಲೇ ಮೊದಲು ಪ್ಲೇಟ್ ಅಂದದ್ದು. ಇದರ ದೋಷ ಅಂದರೆ ಆ ಹೊಳಪೇ: ಸ, ಶ, ಚ ಅಕ್ಷರಗಳು ಚುರ್‍ರ್ ಅನ್ನುತ್ತವೆ. ರಿವರ್ಬಿಗೆ ಕಳಿಸುವ ದಾರಿಯಲ್ಲಿ ಆ ಅಕ್ಷರಗಳ ಸದ್ದನ್ನು ತಗ್ಗಿಸುವ ಒಂದು ಡಿ-ಎಸ್ಸರ್ ಇಟ್ಟರೆ ಸರಿಹೋಗುತ್ತದೆ.

ಕನ್ವಲ್ಯೂಷನ್: ನಿಜದ ಜಾಗವನ್ನೇ ಎತ್ತಿಕೊಂಡು ಬರುವುದು

ಅಲ್ಗಾರಿದಮ್ ಜಾಗವನ್ನು ಕಲ್ಪಿಸಿಕೊಂಡರೆ, ಕನ್ವಲ್ಯೂಷನ್ ಒಂದು ನಿಜವಾದ ಜಾಗದ ಅಚ್ಚನ್ನು ಬಳಸುತ್ತದೆ. ಆ ಅಚ್ಚಿಗೆ ಇಂಪಲ್ಸ್ ರೆಸ್ಪಾನ್ಸ್, ಚಿಕ್ಕದಾಗಿ ಐಆರ್ ಅನ್ನುತ್ತಾರೆ. 1999ರಲ್ಲಿ ಸೋನಿಯ ಯಂತ್ರವೊಂದು, 2001ರಲ್ಲಿ ಆಲ್ಟಿವರ್ಬ್ ಪ್ಲಗಿನ್ ಇದನ್ನು ಸ್ಟುಡಿಯೊಗಳಿಗೆ ತಂದವು. ಆಲ್ಟಿವರ್ಬಿಗೆ ಈಗಲೂ ನೂರಾರು ಯೂರೊ. ಮನೆಯವರಿಗೆ ಅದು ಬೇಡ. ರಿಯಾವರ್ಬ್ ಸಾಕು, ಐಆರ್‌ಗಳಿಗೆ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಓಪನ್‌ಏರ್ ಸಂಗ್ರಹ ಇದೆ, ಚರ್ಚು, ಸಮಾಧಿಮಂದಿರಗಳಿಂದ ಹಿಡಿದು ತರಹೇವಾರಿ ಜಾಗಗಳು ಅಲ್ಲಿ ಪುಕ್ಕಟೆ.

ಇದರ ಬಲ ನಂಬಿಕೆ ಹುಟ್ಟಿಸುವುದರಲ್ಲಿದೆ. ಕೋರಸ್, ವಯಲಿನ್, ಕೊಳಲು ನಿಜಕ್ಕೂ ಆ ಜಾಗದಲ್ಲಿ ನುಡಿದಂತಿರುತ್ತದೆ. ಬಲಹೀನತೆ ಏನೆಂದರೆ ಅದು ಫೋಟೊದ ಹಾಗೆ, ತೆಗೆದದ್ದು ತೆಗೆದಂತೆ. ಬಾಲವನ್ನು ಕತ್ತರಿಸಬಹುದು, ಸ್ವಲ್ಪ ಎಳೆಯಬಹುದು, ಜಾಸ್ತಿ ಎಳೆದರೆ ಸುಳ್ಳು ಬಯಲಾಗುತ್ತದೆ. ನಾಲ್ಕು ಸೆಕೆಂಡಿನ ಚರ್ಚನ್ನು ಒಂದು ಸೆಕೆಂಡಿಗೆ ಇಳಿಸುವ ಬದಲು ಒಂದು ಸೆಕೆಂಡಿನ ಬೇರೆ ಐಆರ್ ಹುಡುಕುವುದೇ ವಾಸಿ.

ಆದರೆ ಕೊಡಗಿನಲ್ಲಿರುವವರಿಗೆ ಇದರಲ್ಲಿ ಒಂದು ಆಸೆ ಹುಟ್ಟಿಸುವ ಸಂಗತಿ ಇದೆ. ಅಚ್ಚನ್ನು ನಾವೇ ತೆಗೆಯಬಹುದು. ನಿಮ್ಮ ಐನ್‌ಮನೆಯ (ಕೊಡವ ಕುಟುಂಬದ ಹಿರಿಮನೆ) ನಡುಬಾಡೆ (ನಡುಮನೆ), ಖಾಲಿ ಕಾಫಿ ಗೋದಾಮು, ಒಪ್ಪಿಗೆ ಸಿಕ್ಕರೆ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು, ಯಾವುದಾದರೂ ಸರಿ. ಗೋದಾಮನ್ನು ಬಾಯಲ್ಲಿ ಹೇಳುವಾಗ ಒಂದೇ ಅನ್ನಿಸಿದರೂ ಕಿವಿಗೆ ಎರಡು: ಕೊಯ್ಲು ಮುಗಿದು ಗೋಣಿಚೀಲದ ಅಟ್ಟಿ ಸೂರಿನವರೆಗೆ ತುಂಬಿದ್ದಾಗ ಮಾತು ಬಾಯಿಂದ ಹೊರಬಿದ್ದಲ್ಲೇ ಸತ್ತುಹೋಗುತ್ತದೆ, ಆಗ ಅದು ಹಾಡು ರೆಕಾರ್ಡ್ ಮಾಡಲು ಒಳ್ಳೆಯ ಜಾಗ. ಮಾಲು ಹೋಗಿ ಸಿಮೆಂಟು ನೆಲ, ಶೀಟಿನ ಸೂರು ಮಾತ್ರ ಉಳಿದಾಗ ಅದೇ ಗೋದಾಮು ರಿವರ್ಬ್ ಕೋಣೆ.

ವಿಧಾನ ಕಷ್ಟದ್ದಲ್ಲ. ರೂಮ್ ಇಕ್ಯೂ ವಿಜಾರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಿ. ಒಂದು ಸ್ಪೀಕರನ್ನು ಹಾಡುವವರು ನಿಲ್ಲುವ ಜಾಗದಲ್ಲಿ, ಮೈಕನ್ನು ಕೇಳುವವರು ಕೂರುವ ಜಾಗದಲ್ಲಿ ಇಡಿ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಏರುವ ಒಂದು ಸಿಳ್ಳೆಯಂಥ ಸದ್ದನ್ನು ಅದು ನುಡಿಸುತ್ತದೆ, ಕೋಣೆ ಅದಕ್ಕೆ ಕೊಟ್ಟ ಉತ್ತರದಿಂದ ಐಆರ್ ಲೆಕ್ಕಹಾಕಿ ವೇವ್ ಫೈಲಾಗಿ ಕೊಡುತ್ತದೆ. ಸ್ಟೀರಿಯೊ ಬೇಕಿದ್ದರೆ ಮೈಕನ್ನು ಎರಡಡಿ ಸರಿಸಿ ಇನ್ನೊಮ್ಮೆ. ಇಷ್ಟು ರಗಳೆ ಬೇಡ ಅನ್ನುವವರು ಒಂದು ದೊಡ್ಡ ಬಲೂನು ಒಡೆದು ಆ ಸದ್ದನ್ನು ರೆಕಾರ್ಡ್ ಮಾಡಿದರೂ ಅರೆಬರೆ ಐಆರ್ ಸಿಗುತ್ತದೆ. ಕೆಳಸ್ವರಗಳು ತೆಳ್ಳಗಿರುತ್ತವೆ, ಆದರೆ ಜಾಗದ ಗುರುತು ಸಿಕ್ಕೇ ಸಿಗುತ್ತದೆ. ಸಂಜೆ ಬೇಡ, ಜೀರುಂಡೆ. ಮಳೆಗಾಲದ ಮಾತಂತೂ ಬೇಡವೇ ಬೇಡ. ಜನವರಿ ಫೆಬ್ರವರಿಯ ಗಾಳಿಯಿಲ್ಲದ ಬೆಳಗು, ಕಾಫಿ ಸಿಪ್ಪೆ ತೆಗೆಯುವ ಹಲ್ಲರ್ ಮೋಟಾರು ಶುರುವಾಗುವ ಮೊದಲು.

ಸ್ಪ್ರಿಂಗ್, ಪೆಡಲ್, ಬಚ್ಚಲುಮನೆ

ಸ್ಪ್ರಿಂಗಿನ ನಡುಕದಿಂದ ಹುಟ್ಟುವ ಸ್ಪ್ರಿಂಗ್ ರಿವರ್ಬ್ ಗಿಟಾರಿನವರದು. ಫೆಂಡರ್ 1961ರಲ್ಲಿ ಬೇರೆಯದೇ ಪೆಟ್ಟಿಗೆಯಾಗಿ ಮಾರಿದ ಆ ಬೊಯ್ಂಯ್ ಅನ್ನುವ ಸದ್ದು ನಿಮಗೆ ಬೇಕೋ ಬೇಡವೋ ನಿಮಗೇ ಗೊತ್ತಿರುತ್ತದೆ. ರಿವರ್ಬ್ ಪೆಡಲ್ (ಕಾಲಲ್ಲಿ ಒತ್ತುವ ಪೆಟ್ಟಿಗೆ) ಕೊಳ್ಳುವುದು ವೇದಿಕೆಯಲ್ಲೂ ನುಡಿಸುವವರಿಗೆ ಸರಿ. ಬರೀ ಮಿಕ್ಸಿಂಗಿಗೆ ಅಂತ ಪೆಡಲಿಗೆ ದುಡ್ಡು ಸುರಿಯಬೇಡಿ. ರೆಕಾರ್ಡಿಂಗಿಗೆ ಒಮ್ಮೆ ಸೇರಿದ ರಿವರ್ಬನ್ನು ಆಮೇಲೆ ದನಿ ಕೆಡದಂತೆ ಕಡಿಮೆ ಮಾಡಲಾಗದು.

ಹಾಡುವಾಗ ಹೆಡ್‌ಫೋನಿನಲ್ಲಿ ರಿವರ್ಬ್ ಬೇಕು, ಇಲ್ಲದಿದ್ದರೆ ಶ್ರುತಿ ನಿಲ್ಲುವುದಿಲ್ಲ ಅನ್ನುವವರದು ಬೇರೆ ಪ್ರಶ್ನೆ. ಕಂಪ್ಯೂಟರಿನ ಮೂಲಕ ಹೋಗಿ ಬರುವ ದನಿ ತಡವಾಗಿ ಕೇಳಿ ಎಡವಟ್ಟಾಗುತ್ತದೆ. ಯಮಾಹಾ ಎಜಿ03, ಸ್ಟೈನ್‌ಬರ್ಗ್ ಯುಆರ್22ಸಿ ಥರದ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಗಳೊಳಗೇ ರಿವರ್ಬ್ ಇದೆ, ಅದನ್ನು ಕಿವಿಗೆ ಮಾತ್ರ ಕಳಿಸಿ ರೆಕಾರ್ಡಿಂಗನ್ನು ಒಣದಾಗಿಯೇ ಇಡಬಹುದು. ಇಂಟರ್‌ಫೇಸ್ ಇನ್ನೂ ಕೊಂಡಿಲ್ಲದವರು ಈ ಅನುಕೂಲವನ್ನು ಗಮನದಲ್ಲಿಟ್ಟುಕೊಳ್ಳಿ.

ಇನ್ನು ಎಲ್ಲಕ್ಕಿಂತ ಹಳೆಯ ಉಪಾಯ. ಬಿಲ್ ಪಟ್ನಮ್ 1947ರಲ್ಲಿ ಶಿಕಾಗೊದ ತಮ್ಮ ಸ್ಟುಡಿಯೊದ ಬಚ್ಚಲುಮನೆಯಲ್ಲಿ ಸ್ಪೀಕರ್, ಮೈಕ್ ಇಟ್ಟು ರಿವರ್ಬ್ ತೆಗೆದರು. ನಿಮ್ಮ ಟೈಲ್ಸ್ ಹಾಕಿದ ಬಚ್ಚಲಿಗೂ ಅದೇ ಯೋಗ್ಯತೆ ಇದೆ. ಒಣ ದನಿಯನ್ನು ಒಳಗೆ ನುಡಿಸಿ, ಬಾಗಿಲು ಹಾಕಿ, ಮೈಕನ್ನು ಗೋಡೆ ಕಡೆಗೆ ತಿರುಗಿಸಿ ರೆಕಾರ್ಡ್ ಮಾಡಿ, ಬಂದದ್ದನ್ನು ಮೂಲದ ಕೆಳಗೆ ಸಣ್ಣದಾಗಿ ಬೆರೆಸಿ. ಖರ್ಚು ಸೊನ್ನೆ, ಸದ್ದು ಬೇರೆ ಯಾರ ಹತ್ತಿರವೂ ಇಲ್ಲದ್ದು. ನಲ್ಲಿ ಹನಿಕ್ಕುತ್ತಿಲ್ಲ ಅಂತ ನೋಡಿಕೊಳ್ಳಿ.

ಯಾರಿಗೆ ಯಾವುದು

ಭಾವಗೀತೆ, ದೇವರನಾಮ, ಒಂದು ದನಿ, ಒಂದು ಹಾರ್ಮೋನಿಯಂ ಅಥವಾ ಗಿಟಾರ್: ಪ್ಲೇಟ್, ಡಿಕೇ 1.5ರಿಂದ 2 ಸೆಕೆಂಡ್, ಪ್ರಿ-ಡಿಲೇ 20ರಿಂದ 40 ಮಿಲಿಸೆಕೆಂಡ್. ಡ್ರ್ಯಾಗನ್‌ಫ್ಲೈ ಪ್ಲೇಟಿನಿಂದ ಶುರುಮಾಡಿ. ಬಾಲ ಒರಟು ಅನ್ನಿಸತೊಡಗಿದ ದಿನ ವಿಂಟೇಜ್‌ವರ್ಬ್ ಅಥವಾ ವಲ್ಹಲ್ಲಾ ಪ್ಲೇಟ್ ಕೊಳ್ಳಿ.

ದುಡಿ ಪಾಟ್, ಅಂದರೆ ದುಡಿ ಎಂಬ ಸಣ್ಣ ವಾದ್ಯ ಬಡಿಯುತ್ತ ಹಾಡುವ ಕೊಡವ ಹಾಡು, ಮುದ್ರಿಸುವವರಿಗೆ ನನ್ನ ಮಾತು ಸ್ವಲ್ಪ ಉದ್ದ. ಯುವಕರು ಈಗ ತಮ್ಮ ಊರಿನ ಹಿರಿಯರ ಹಾಡನ್ನು ಮುದ್ರಿಸಿಟ್ಟುಕೊಳ್ಳುತ್ತಿರುವುದು ಒಳ್ಳೆಯದು, ಆದರೆ ಅದರ ಮೇಲೆ ಸಿನಿಮಾ ಹಾಲ್ ರಿವರ್ಬ್ ಸುರಿಯುವುದು ಕೇಳಿ ಹೊಟ್ಟೆ ಉರಿಯುತ್ತದೆ. ನಾಲ್ವರು ನಿಂತು, ಇಬ್ಬರು ಒಂದು ಸಾಲು ಎತ್ತಿ, ಉಳಿದಿಬ್ಬರು ಅದನ್ನು ಹಿಡಿಯುವ ಹಾಡಿದು. ದುಡಿಯ ತೆಳು ಕೋಲು ಚರ್ಮಕ್ಕೆ ಬೀಳುವ ಪೆಟ್ಟು ಗಿಡ್ಡ, ಚೂಪು. ಅದರ ಬೆನ್ನಿಗೇ ಮುಂದಿನ ಪೆಟ್ಟು. ಎರಡು ಸೆಕೆಂಡಿನ ಬಾಲ ಹಾಕಿದರೆ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತವೆ, ಸಾಲು ಕೊಟ್ಟವರಾರು ಹಿಡಿದವರಾರು ತಿಳಿಯುವುದಿಲ್ಲ. ಅದೂ ಅಲ್ಲದೆ, ಊರು ಸೇರುವ ಮಂದ್‌ನಂಥ ಬಯಲಿನಲ್ಲಿ, ಮನೆಯ ಅಂಗಳದಲ್ಲಿ ಕೇಳಿದವರ ಕಿವಿಯಲ್ಲಿ ಈ ಹಾಡಿಗೆ ಹಾಲ್ ಇಲ್ಲವೇ ಇಲ್ಲ. ಡ್ರ್ಯಾಗನ್‌ಫ್ಲೈನ ಅರ್ಲಿ ರಿಫ್ಲೆಕ್ಷನ್ಸ್ ಒಂದೇ ಸಾಕು, ಇಲ್ಲವೇ ಅರ್ಧ ಸೆಕೆಂಡಿನ ರೂಮ್. ಸಾಲು ಎತ್ತುವವರನ್ನು ಸ್ವಲ್ಪ ಎಡಕ್ಕೆ, ಹಿಡಿಯುವವರನ್ನು ಸ್ವಲ್ಪ ಬಲಕ್ಕೆ ಇಟ್ಟು, ನಾಲ್ವರನ್ನೂ ಅದೇ ಒಂದು ರೂಮಿಗೆ ಕಳಿಸಿ. ಐನ್‌ಮನೆಯ ಐಆರ್ ತೆಗೆದಿಟ್ಟುಕೊಂಡಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ವಾಲಗ, ಕೊಂಬು ಆದರೆ ಬಹುಪಾಲು ಏನೂ ಬೇಡ.

ಚರ್ಚಿನ ಕ್ವಾಯರ್, ಶಾಲೆಯ ಸಮೂಹಗೀತೆ: ಕನ್ವಲ್ಯೂಷನ್. ಎಂಟು ಮಕ್ಕಳು ಎರಡು ಮೈಕಿನಲ್ಲಿ ಹಾಡಿದ್ದು ಒಂದೇ ಜಾಗದಲ್ಲಿ ನಿಂತು ಹಾಡಿದಂತೆ ಬೆಸೆಯಲು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಮಾಡದು.

ಕಥೆ ಓದುವವರು, ಪಾಡ್‌ಕಾಸ್ಟಿನವರು: ರಿವರ್ಬ್ ಬೇಡ.

ಹೋಲಿಸಿ ನೋಡುವ ಕ್ರಮ

ಎರಡು ರಿವರ್ಬ್‌ಗಳನ್ನು ಪ್ರಿಸೆಟ್ ಬದಲಿಸಿ ಬದಲಿಸಿ ಹೋಲಿಸಬೇಡಿ. ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಎರಡನ್ನೂ ಬೇರೆಬೇರೆ ಬಸ್ಸಿನಲ್ಲಿ (ಟ್ರ್ಯಾಕುಗಳ ಸದ್ದು ಬಂದು ಸೇರುವ ದಾರಿ) ಇಟ್ಟು, ವೆಟ್ 100 ಪ್ರತಿಶತ ಮಾಡಿ, ಒಂದೇ ಟ್ರ್ಯಾಕಿನಿಂದ ಎರಡಕ್ಕೂ ಸೆಂಡ್ ಕೊಡಿ, ಅಂದರೆ ಅದರ ಸದ್ದಿನ ಪ್ರತಿಯನ್ನು ಕಳಿಸಿ. ಡಿಕೇ, ಪ್ರಿ-ಡಿಲೇ ಎರಡರಲ್ಲೂ ಒಂದೇ ಇರಲಿ, ಮೀಟರ್ ನೋಡಿ ಮಟ್ಟ ಸಮ ಮಾಡಿ. ಇಡೀ ಹಾಡು ಓಡುತ್ತಿರುವಾಗಲೇ ಒಂದನ್ನು ಮ್ಯೂಟ್ ಮಾಡಿ ಇನ್ನೊಂದನ್ನು ಕೇಳಿ. ಸೋಲೊ ಒತ್ತಿ ಕೇಳಿದರೆ ಎಲ್ಲವೂ ಚಂದವೇ.

ಇದರ ಜೊತೆ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದ ಹಳೆಯ ಪದ್ಧತಿಯೊಂದನ್ನು ಮಾಡಿ ನೋಡಿ: ರಿವರ್ಬಿಗೆ ಹೋಗುವ ಸದ್ದಿನಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದನ್ನೂ 10,000 ಹರ್ಟ್ಸ್‌ಗಿಂತ ಮೇಲಿನದನ್ನೂ ಇಕ್ಯೂನಿಂದ (ಬೇರೆಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಸಾಧನ) ತಗ್ಗಿಸುವುದು. ಕೆಸರು ಹೋಗುತ್ತದೆ, ಚುರ್‍ರ್ ಹೋಗುತ್ತದೆ. ಪುಕ್ಕಟೆ ಪ್ಲಗಿನ್ ಬೇಡ ಅಂತ ಬಿಟ್ಟವರಲ್ಲಿ ಅರ್ಧ ಜನಕ್ಕೆ ಬೇಕಾಗಿದ್ದದ್ದು ಈ ಇಕ್ಯೂ ಅಂತ ನನ್ನ ಗುಮಾನಿ.

ಇಷ್ಟಾದ ಮೇಲೂ ಕೊಳ್ಳಲೇಬೇಕು ಅನ್ನಿಸಿದರೆ, ಮೊದಲು ಡೆಮೊ ಇಳಿಸಿಕೊಂಡು ನಿಮ್ಮದೇ ಹಾಡಿನ ಮೇಲೆ ಹಾಕಿ ನೋಡಿ. ಹೆಚ್ಚಿನ ಕಂಪನಿಗಳು ನವೆಂಬರ್ ಕೊನೆಯ ಸೇಲ್‌ನಲ್ಲಿ ಬೆಲೆ ಇಳಿಸುತ್ತವೆ, ಅಲ್ಲಿಯವರೆಗೆ ಕಾಯಬಹುದು. ವಲ್ಹಲ್ಲಾದವರು ವರ್ಷವಿಡೀ ಒಂದೇ ಬೆಲೆಗೆ ಮಾರುತ್ತಾರೆ, ಅವರಿಗಾಗಿ ಕಾದು ಲಾಭವಿಲ್ಲ. ಪಾವತಿ ಡಾಲರಿನಲ್ಲಿ, ನಿಮ್ಮ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿದೆಯೇ ಅಂತ ಬ್ಯಾಂಕಿನ ಆ್ಯಪಿನಲ್ಲಿ ಮೊದಲೇ ನೋಡಿಕೊಳ್ಳಿ.